ಗಂಗಕ್ಕನ ಎರಡು ಪೆಡಲಿನ ಕಾರು

ಗಂಗಕ್ಕ ಯಾವ ಗಾಡಿ ಹತ್ತಿದರೂ ಮೊದಲು ನೋಡುತ್ತಿದ್ದುದು ಡ್ರೈವರನ ಕಾಲುಗಳನ್ನು. ಬಸ್ಸಾದರೆ ಮುಂದಿನ ಸೀಟು, ಕಾರಾದರೆ ಡ್ರೈವರನ ಪಕ್ಕದ ಸೀಟು. ಅದು ಸಿಗದಿದ್ದರೆ ಮುಂದಿನ ಬಸ್ಸಿಗೆ ಕಾಯುತ್ತಿದ್ದರೇ ಹೊರತು ಹಿಂದೆ ಹೋಗಿ ಕೂರುತ್ತಿರಲಿಲ್ಲ. ಕಿಟಕಿಯಾಚೆ ಯಾವ ಊರು ಬಂತು, ಯಾರ ಹೊಲ ಹಸಿರಾಗಿದೆ ಎಂಬುದು ಅವರಿಗೆ ಬೇಕಿರಲಿಲ್ಲ. ಎಡಗಾಲು ಯಾವಾಗ ಒತ್ತಿತು, ಬಲಗಾಲು ಯಾವಾಗ ಎದ್ದಿತು, ಕೈ ಯಾವಾಗ ಗೇರಿಗೆ ಹೋಯಿತು ಎಂದು ಕತ್ತು ಬಗ್ಗಿಸಿ ನೋಡುತ್ತಿದ್ದರು. ನಾನು ಮದುವೆಯಾಗಿ ಚಳ್ಳಕೆರೆಗೆ ಬಂದ ಹೊಸದರಲ್ಲಿ ಇದನ್ನು ಕಂಡು, ಪಾಪ ಇವರಿಗೆ ಪ್ರಯಾಣದಲ್ಲಿ ತಲೆ ಸುತ್ತುತ್ತದೇನೋ, ಅದಕ್ಕೆ ತಲೆ ತಗ್ಗಿಸಿ ಕೂರುತ್ತಾರೆ ಅಂದುಕೊಂಡಿದ್ದೆ.

ಅವರು ನನ್ನ ಗಂಡನ ಅಕ್ಕ. ಹೆಸರು ಗಂಗಾಂಬಿಕೆ, ಊರಿಗೆಲ್ಲ ಗಂಗಕ್ಕ. ಚಿಕ್ಕ ಮಗುವಾಗಿದ್ದಾಗ ಬಂದ ಪೋಲಿಯೋ ಅವರ ಎಡಗಾಲಿನ ಶಕ್ತಿಯನ್ನು ತೆಗೆದುಕೊಂಡು ಹೋಗಿತ್ತು. ಎಡಗೈಯನ್ನು ಮಂಡಿಯ ಮೇಲೆ ಊರಿ, ಕಾಲನ್ನು ಒತ್ತಿ ಹಿಡಿದು, ಮೈಯನ್ನು ಒಂದು ಪಕ್ಕಕ್ಕೆ ವಾಲಿಸಿ ನಡೆಯುತ್ತಿದ್ದರು. ನೋಡುವವರಿಗೆ ಕಷ್ಟ ಅನ್ನಿಸಬೇಕು, ಅವರ ಜೊತೆ ನಡೆಯುವವರಿಗೆ ಉಸಿರು ಕಟ್ಟಬೇಕು, ಅಷ್ಟು ಬಿರುಸು. ಅವರ ಎಲ್ಲ ಸೀರೆಗಳೂ ಎಡಮಂಡಿಯ ಹತ್ತಿರ, ಅಂಗೈ ಊರುವ ಜಾಗದಲ್ಲಿ, ಬಣ್ಣ ಬಿಟ್ಟಿರುತ್ತಿದ್ದವು.

ಸೀರೆಯೇ ಅವರ ಕಸುಬು. ಮನೆಯಲ್ಲಿ ಎಣ್ಣೆ ಮಿಲ್ಲಿತ್ತು, ಕೂತು ಉಣ್ಣುವಷ್ಟಿತ್ತು. ಆದರೂ ಕಾಲೇಜು ಮುಗಿದ ಮೇಲೆ ಮೊಳಕಾಲ್ಮೂರಿಗೆ ಹೋಗಿ ನೇಕಾರರಿಂದ ನೇರವಾಗಿ ರೇಷ್ಮೆ ಸೀರೆ ತಂದು ಮಾರಲು ಶುರು ಮಾಡಿದ್ದರು. ನಾನು ಬರುವ ಹೊತ್ತಿಗೆ ಚಳ್ಳಕೆರೆಯಲ್ಲಿ, ನಾಯಕನಹಟ್ಟಿಯಲ್ಲಿ ಯಾರ ಮನೆಯಲ್ಲಿ ಮದುವೆಯಾದರೂ ಗಂಗಕ್ಕನಿಗೆ ಹೇಳಿ ಕಳಿಸುವುದು ವಾಡಿಕೆಯಾಗಿತ್ತು. ನಮ್ಮ ನಡುಮನೆಯಲ್ಲಿ ಜಮಖಾನ ಹಾಸಿ ಸೀರೆಗಳನ್ನು ಒಂದೊಂದೇ ಬಿಚ್ಚುತ್ತಿದ್ದರು. ಹೊಸಬರು ಯಾರಾದರೂ ಅವರು ಏಳುವುದನ್ನು ನೋಡಿ ‘ಅಯ್ಯೋ ಪಾಪ’ ಅಂದರೆ ಅವರ ಉತ್ತರ ಸಿದ್ಧವಿರುತ್ತಿತ್ತು.

“ಪಾಪ ಅನ್ನಬ್ಯಾಡ್ರಿ. ಸೀರೆ ತಗಳ್ರಿ.”

ವಾರಕ್ಕೊಮ್ಮೆ ಖಾದರ್ ಸಾಬರ ಬಾಡಿಗೆ ಕಾರಿನಲ್ಲಿ ಮೊಳಕಾಲ್ಮೂರಿಗೆ ಹೋಗಿ ಬರುತ್ತಿದ್ದರು. ಹೋಗುವುದು ಐವತ್ತು ಕಿಲೋಮೀಟರಿನ ಮೇಲೆ, ಬರುವುದೂ ಅಷ್ಟೇ. ಖಾದರ್ ಸಾಬರಿಗೆ ಸಂಜೆ ಬೇರೆ ಬಾಡಿಗೆ ಇರುತ್ತಿದ್ದುದರಿಂದ ಮಧ್ಯಾಹ್ನಕ್ಕೇ ಅಲ್ಲಿಂದ ಹೊರಡಬೇಕಿತ್ತು. ಬೇರೆ ಕಡೆ ಹೋಗಬೇಕಾದರೆ ತಮ್ಮನ ಸ್ಕೂಟರ್. ನಮ್ಮವರು, ಅಂದರೆ ನನ್ನ ಗಂಡ ಮಲ್ಲಿಕಾರ್ಜುನ, ಅಕ್ಕನಿಗಿಂತ ಎರಡು ವರ್ಷಕ್ಕೆ ಚಿಕ್ಕವರು. ಹೈಸ್ಕೂಲಿನಿಂದ ಕಾಲೇಜಿನವರೆಗೂ ಅಕ್ಕನನ್ನು ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಹೋದವರು. ತಮ್ಮ ಪರೀಕ್ಷೆ ತಪ್ಪಿಸಿಕೊಂಡರೂ ಅಕ್ಕನ ಪರೀಕ್ಷೆಗೆ ತಡವಾಗಿ ಬಿಟ್ಟವರಲ್ಲ ಎಂದು ನಮ್ಮ ಅತ್ತೆ ಹೇಳುತ್ತಿದ್ದರು. ಅಕ್ಕನನ್ನು ಕರೆದುಕೊಂಡು ಹೋಗುವುದು ತಮ್ಮ ಕೆಲಸ, ಅದನ್ನು ಬೇರೆಯವರು ಮಾಡಬಾರದು ಎಂಬಂತಿದ್ದರು ನಮ್ಮವರು.

ಎರಡು ಸಾವಿರದ ಎರಡನೇ ಇಸವಿ ಇರಬೇಕು. ಮಿಲ್ಲು ಚೆನ್ನಾಗಿ ನಡೆದ ವರ್ಷ. ಮನೆಗೆ ಒಂದು ಕಾರು ತರುವುದೆಂದು ನಮ್ಮವರು ತೀರ್ಮಾನಿಸಿದರು. ಪೆಟ್ರೋಲಿನ ಸಣ್ಣ ಕಾರು. ಅದನ್ನು ಕೊಂಡವರನ್ನೆಲ್ಲ ಹಿಡಿದು ನಿಲ್ಲಿಸಿ ಮೈಲೇಜ್ ಕೇಳಿಕೊಂಡು ಬರುತ್ತಿದ್ದರು. ಒಂದು ರಾತ್ರಿ ಊಟಕ್ಕೆ ಕೂತಾಗ, “ಲೀಟರಿಗೆ ಹದಿನೆಂಟು ಕೊಡ್ತೈತಂತೆ ಅಕ್ಕಾ. ನೀನು ಮೊಳಕಾಲ್ಮೂರಿಗೆ ಹೋಗಿ ಬರಾದು ಏನೂ ಲೆಕ್ಕಕ್ಕಿಲ್ಲ. ಒಬ್ಬ ಡ್ರೈವರನ್ನ ಇಟ್ರಾತು” ಅಂದರು.

ಗಂಗಕ್ಕ ರೊಟ್ಟಿ ಮುರಿಯುತ್ತ, “ಬೆಂಗಳೂರಾಗೆ ಕರೆಂಟಿನ ಕಾರು ಬಂದೈತಂತೆ. ಪೇಪರಾಗೆ ಹಾಕವ್ರೆ. ಅದನ್ನೂ ನೋಡಾಣ” ಅಂದರು.

ನಮ್ಮವರು ನಕ್ಕರು. ಚಳ್ಳಕೆರೆಯಲ್ಲಿ ಆಗ ದಿನಕ್ಕೆ ಎಷ್ಟು ಹೊತ್ತು ಕರೆಂಟು ಇರುತ್ತಿತ್ತೆಂಬುದು ಮಿಲ್ಲು ನಡೆಸುವವರಿಗೆ ಗೊತ್ತಿದ್ದಷ್ಟು ಇನ್ಯಾರಿಗೆ ಗೊತ್ತಿರಬೇಕು. “ಮಿಲ್ಲಿಗೇ ಕರೆಂಟಿಲ್ಲ, ಇನ್ನು ಕಾರಿಗೆ ಎಲ್ಲಿಂದ ತರಾದು? ಒಂದು ಸಲ ಚಾರ್ಜು ಮಾಡಿದ್ರೆ ಎಂಬತ್ತು ಕಿಲೋಮೀಟರಂತೆ. ಹೋಗ್ತೀಯ, ಬರಾಕೆ ಏನು ಮಾಡ್ತೀಯ? ಅದು ಬೆಂಗಳೂರಾಗೆ ತರಕಾರಿ ತರಾಕೆ ಹೋಗೋರಿಗೆ.”

“ಕೇಳಿದ್ರೆ ಏನು ಹೋಗ್ತೈತೆ?” ಅಂದರು ಗಂಗಕ್ಕ. ಇದು ಅವರು ದಿನಕ್ಕೆ ಹತ್ತು ಸಲ ಆಡುತ್ತಿದ್ದ ಮಾತು. ಈ ಮಾತು ಹೇಳಿಯೇ ಅವರು ಬಸ್ಸುಗಳನ್ನು ನಿಲ್ಲದ ಜಾಗದಲ್ಲಿ ನಿಲ್ಲಿಸುತ್ತಿದ್ದರು, ಬ್ಯಾಂಕಿನ ಮ್ಯಾನೇಜರನ್ನು ಕೌಂಟರಿನ ಈಚೆಗೆ ಕರೆಸುತ್ತಿದ್ದರು.

ಕೆಲವು ದಿನ ಮನೆಯಲ್ಲಿ ಇದೇ ವಾದ. ನಮ್ಮವರು ದಿನವೂ ಕರೆಂಟಿನ ಕಾರಿನ ಮೇಲೆ ಹೊಸದೊಂದು ದೂರು ತರುವರು. ಗಂಗಕ್ಕ ಯಾವುದನ್ನೂ ಅಲ್ಲಗಳೆಯಲಿಲ್ಲ. ಹೌದು, ದೂರ ಹೋಗಲ್ಲ. ಹೌದು, ರಿಪೇರಿಗೆ ಬೆಂಗಳೂರಿಂದಲೇ ಜನ ಬರಬೇಕು. ಹೌದು, ಎರಡೇ ಬಾಗಿಲು. ಎಲ್ಲ ಒಪ್ಪಿಕೊಂಡು ಮತ್ತೆ ಅದೇ ಮಾತು: ನೋಡಾಣ. ನನಗೂ ಅವರ ಹಟ ಅರ್ಥವಾಗಲಿಲ್ಲ. ಒಂದು ಮಧ್ಯಾಹ್ನ ಸೀರೆ ಮಡಿಸುತ್ತಿದ್ದಾಗ ಕೇಳಿಯೇಬಿಟ್ಟೆ. “ಅಕ್ಕಾ, ಆ ಕಾರಿನಾಗೆ ಅಂಥದ್ದು ಏನೈತೆ?”

ಅವರು ಕೈಯಲ್ಲಿದ್ದ ಸೀರೆಯ ಮಡಿಕೆ ಮುಗಿಸಿ ಪಕ್ಕಕ್ಕಿಟ್ಟರು. ಆಮೇಲೆ, “ಅದರಾಗೆ ಇರಾದಲ್ಲ ಶಕ್ಕೂ, ಇಲ್ಲದ್ದು” ಅಂದರು. “ಅದಕ್ಕೆ ಗೇರಿಲ್ಲ. ಕ್ಲಚ್ಚಿಲ್ಲ. ಎರಡೇ ಪೆಡಲು. ಎರಡಕ್ಕೂ ಬಲಗಾಲೇ ಸಾಕು.”

ನನ್ನ ಕೈಯಲ್ಲಿದ್ದ ಸೀರೆ ಅಲ್ಲೇ ನಿಂತಿತು. ಅಷ್ಟು ವರ್ಷ ಅವರು ಡ್ರೈವರುಗಳ ಕಾಲು ನೋಡುತ್ತ ಕೂತಿದ್ದು ಯಾಕೆಂದು ಆಗ ತಿಳಿಯಿತು.

ಅಂದು ಊಟದ ಹೊತ್ತಿಗೆ ಅವರೇ ತಮ್ಮನಿಗೆ ಹೇಳಿದರು. “ಲೇ ಮಲ್ಲ, ಕಾರು ನಾನು ಓಡಿಸ್ತೀನಿ. ಅದಕ್ಕೇ ಕೇಳಿದ್ದು.”

ನಮ್ಮವರು ಅನ್ನ ಕಲಸುತ್ತಲೇ ಇದ್ದರು. “ನಿನಗ್ಯಾಕಕ್ಕಾ ಆ ಕಷ್ಟ? ನಾನಿಲ್ವಾ?”

“ಇದ್ದೀಯ. ಚಿಕ್ಕಂದಿನಿಂದ್ಲೂ ಇದ್ದೀಯ. ನಾನು ಎಲ್ಲಿಗೆ ಹೋಗ್ಬೇಕಾದ್ರೂ ನಿನ್ನ ಮುಖ ನೋಡಿ, ನಿನಗೆ ಪುರುಸೊತ್ತು ಐತಾ ಅಂತ ತಿಳ್ಕಂಡು ಕೇಳ್ಬೇಕು. ನೀನು ಇಲ್ಲ ಅಂದಿಲ್ಲ, ನಿಜ. ಆದ್ರೂ ಕೇಳ್ಬೇಕಲ್ಲಪ್ಪ.”

ಅವರ ದನಿಯಲ್ಲಿ ದೂರೇನೂ ಇರಲಿಲ್ಲ. ಆದರೆ ನಮ್ಮವರಿಗೆ ಅದು ತಟ್ಟಿತು. ಕೈತೊಳೆದು ಎದ್ದು ಹೋದರು. ನನ್ನ ಹತ್ತಿರ ಬಂದು, “ನಾನು ಯಾವತ್ತಾದ್ರೂ ಬೇಜಾರು ಮಾಡ್ಕಂಡಿದ್ನಾ?” ಎಂದು ಕೇಳಿದರು. ಇಲ್ಲ ಅಂದೆ. ಅದೇ ಅಲ್ಲವೇ ತೊಡಕು ಎಂದು ಹೇಳಲು ಬಾಯಿ ಬರಲಿಲ್ಲ.

ಮರುವಾರ ಮೂವರೂ ಖಾದರ್ ಸಾಬರ ಕಾರಿನಲ್ಲಿ ಬೆಂಗಳೂರಿಗೆ ಹೋದೆವು. ಮೊದಲು ಪೆಟ್ರೋಲ್ ಕಾರಿನ ಅಂಗಡಿ. ಗಾಜಿನ ಕೋಣೆ, ಮಿರಿಮಿರಿ ನೆಲ. ಗಂಗಕ್ಕ ನೇರ ಹೋಗಿ ಡ್ರೈವರ್ ಸೀಟಿನಲ್ಲಿ ಕೂತರು. ಕೈಯಿಂದ ಎಡಗಾಲನ್ನು ಎತ್ತಿ ಕ್ಲಚ್ಚಿನ ಮೇಲಿಟ್ಟರು. ಮಂಡಿಯನ್ನು ಎರಡೂ ಕೈಯಿಂದ ಒತ್ತಿದರು. ಪೆಡಲು ಅರ್ಧ ಹೋಗಿ ನಿಂತಿತು. ಕೈ ತೆಗೆದದ್ದೇ ಕಾಲು ಜಾರಿ ಪಕ್ಕಕ್ಕೆ ಬಿತ್ತು. ಅಂಗಡಿಯ ಹುಡುಗ ಒಳ್ಳೆಯವನು. ಕ್ಲಚ್ಚನ್ನು ಕೈಗೆ ಮಾಡಿಕೊಡುವ ಗ್ಯಾರೇಜುಗಳಿವೆ ಮೇಡಂ ಎಂದು ಹೇಳಿದ. ಅದನ್ನೂ ಕೂಲಂಕಷವಾಗಿ ಕೇಳಿಕೊಂಡರು. “ಸ್ಟೇರಿಂಗು, ಗೇರು, ಕ್ಲಚ್ಚು ಎಲ್ಲಾ ಎರಡು ಕೈಗೇ ಬಂದ್ರೆ ಈ ವಯಸ್ಸಿಗೆ ನನಗೆ ಆಗಾಕಿಲ್ಲಪ್ಪ” ಎಂದು ನಿಧಾನಕ್ಕೆ ಇಳಿದರು. ಅಲ್ಲಿಂದ ಹೊರಡುವಾಗ, “ಕಾರು ಚೆನ್ನಾಗೈತೆ ಮಲ್ಲ, ನೀನು ತಗ” ಅಂದರು.

ಕರೆಂಟಿನ ಕಾರು ನೋಡಿದಾಗ ನನಗೆ ನಗು ಬಂತು. ಮಕ್ಕಳ ಆಟಿಕೆಯಂತೆ ಗುಂಡಗೆ, ಕುಳ್ಳಗೆ. ಹಿಂದಿನ ಸೀಟಿನಲ್ಲಿ ಮಕ್ಕಳೋ ಸಣಕಲರೋ ಮುದುರಿ ಕೂರಬೇಕು. ಅಲ್ಲಿದ್ದ ಹುಡುಗ ಎಲ್ಲವನ್ನೂ ನಮ್ಮವರಿಗೆ ವಿವರಿಸುತ್ತಿದ್ದ. ಗಂಗಕ್ಕ ಎರಡು ಮಾತು ಕೇಳಿದ ಮೇಲೆ ಅವರ ಕಡೆಗೇ ತಿರುಗಿದ. ಬೇಸಿಗೆಯಲ್ಲಿ ಎಷ್ಟು ದೂರ ಹೋಗುತ್ತದೆ? ಇಬ್ಬರು ಕೂತರೆ ಎಷ್ಟು? ಸೀರೆ ಗಂಟು ಇಟ್ಟರೆ? ಬ್ಯಾಟರಿ ಎಷ್ಟು ವರ್ಷ? ಹುಡುಗ ಸುಳ್ಳು ಹೇಳಲಿಲ್ಲ. ಎಂಬತ್ತು ಅಂದುಕೊಂಡು ಹೊರಟರೆ ಎಂಬತ್ತು ಬರಲ್ಲ, ಅರುವತ್ತು ಅಂದುಕೊಳ್ಳಿ, ಬ್ಯಾಟರಿ ಹಳೆಯದಾದಂತೆ ಅದೂ ಇಳಿಯುತ್ತದೆ ಅಂದ.

“ನಿಮ್ಮನೇಲಿ ಯಾವ ಕಾರೈತಪ್ಪ?” ಎಂದು ಗಂಗಕ್ಕ ಕೇಳಿದರು.

“ನಂದು ಬೈಕು ಮೇಡಂ.”

“ಸರಿ. ಇದನ್ನೂ ಮುಚ್ಚಿಡ್ಲಿಲ್ಲ. ಹಂಗಾದ್ರೆ ನಿನ್ನ ಮಾತು ನಂಬಬಹುದು” ಅಂದರು.

ಹಿಂದುಗಡೆ ಬಯಲಿನಲ್ಲಿ ಓಡಿಸಿ ನೋಡಲು ಕೊಟ್ಟರು. ಹುಡುಗ ಪಕ್ಕದಲ್ಲಿ ಕೂತ. ಗಂಗಕ್ಕ ಎಡಗಾಲನ್ನು ಎತ್ತಿ ಒಂದು ಮೂಲೆಯಲ್ಲಿಟ್ಟರು, ಮತ್ತೆ ಅದರ ಕಡೆ ನೋಡಲಿಲ್ಲ. ಕಾರು ಶಬ್ದವೇ ಇಲ್ಲದೆ ಹೊರಟಿತು. ಮೊದಲ ಸುತ್ತಿನಲ್ಲಿ ಗೋಡೆಯ ಹತ್ತಿರ ಹೋಗಿ ಗಕ್ಕನೆ ನಿಂತರು. ಎರಡನೇ ಸುತ್ತು ಚೆನ್ನಾಗಿ ತಿರುಗಿತು. ಆಮೇಲೆ ನಿಲ್ಲಿಸಲೇ ಇಲ್ಲ. ಹುಡುಗ ನಮ್ಮ ಕಡೆ ನೋಡಿ ಕೈಯಾಡಿಸುತ್ತಿದ್ದ, ಸಾಕು ಅನ್ನಿ ಎಂಬಂತೆ. ಗಂಗಕ್ಕನ ಮುಖ ನಗುತ್ತಿರಲಿಲ್ಲ. ಸೀರೆಯ ಅಂಚಿನಲ್ಲಿ ಒಂದು ಎಳೆ ತಪ್ಪಿದೆಯೇ ಎಂದು ನೋಡುವಾಗ ಹೇಗಿರುತ್ತಿತ್ತೋ ಹಾಗೆ ಗಟ್ಟಿಯಾಗಿತ್ತು. ನಮ್ಮವರು ಮರದ ಕೆಳಗೆ ನಿಂತು ಕರ್ಚೀಫಿನಿಂದ ಮುಖ ಒರೆಸಿಕೊಳ್ಳುತ್ತಲೇ ಇದ್ದರು.

ವಾಪಸ್ಸು ಬರುವಾಗ ಹಿರಿಯೂರಿನಲ್ಲಿ ಟೀ ಕುಡಿಯಲು ಇಳಿದಾಗ ನಮ್ಮವರು ಮೆಲ್ಲಗೆ, “ಮೊಳಕಾಲ್ಮೂರಿಗೆ ಹೋಗಿ ಬರಾಕೆ ಆಗಲ್ಲ ಅಕ್ಕಾ” ಅಂದರು.

“ಹೋಗಾಕೆ ಆಗ್ತೈತಲ್ಲ” ಅಂದರು ಗಂಗಕ್ಕ.

ಆ ತಿಂಗಳು ನಮ್ಮ ಮನೆಗೆ ಎರಡು ಕಾರು ಬಂದವು. ಪೆಟ್ರೋಲ್ ಕಾರನ್ನು ನಮ್ಮವರು ಓಡಿಸಿಕೊಂಡು ಬಂದರು. ಗಂಗಕ್ಕ ತಮ್ಮ ಸಂಪಾದನೆಯಿಂದಲೇ ಕೊಂಡ ಕಾರು ಅಷ್ಟು ದೂರ ಓಡುವಂತಿರಲಿಲ್ಲ. ಬೆಂಗಳೂರಿನಲ್ಲಿ ಎಣ್ಣೆ ಡ್ರಮ್ಮು ಇಳಿಸಿ ಬರುವ ನಮ್ಮದೇ ಲಾರಿಯ ಮೇಲೆ ಕೂತು ಬಂತು. ಮಿಲ್ಲಿನಲ್ಲಿ ಕಡಲೆಕಾಯಿ ಚೀಲ ಇಳಿಸುವ ಕಟ್ಟೆಗೆ ಲಾರಿಯನ್ನು ಒತ್ತಿ ನಿಲ್ಲಿಸಿ, ಹಲಗೆ ಹಾಕಿ, ಹಮಾಲರು ಮದುಮಗಳನ್ನು ಇಳಿಸಿಕೊಂಡಂತೆ ಇಳಿಸಿದರು.

ಕಲಿಸಿದವರು ಖಾದರ್ ಸಾಬರು. ವಾರದ ಬಾಡಿಗೆ ತಪ್ಪುತ್ತದೆಂದು ಗಂಗಕ್ಕನೇ ಮೊದಲು ಅವರ ಮನೆಗೆ ಹೋಗಿ ಹೇಳಿ ಬಂದಿದ್ದರು. “ಹೋಗ್ಲಿ ಬಿಡಮ್ಮಾ” ಅಂದರಂತೆ ಸಾಬರು. “ಇಷ್ಟು ವರ್ಷ ನೀವು ನನ್ನ ಮುಖ ನೋಡಿಲ್ಲ, ಕಾಲೇ ನೋಡಿರೋದು. ನನಗೆ ಅನುಮಾನ ಇತ್ತು.” ಮಿಲ್ಲಿನ ಹಿಂದೆ ಕಡಲೆಕಾಯಿ ಒಣಗಿಸುವ ಬಯಲಿನಲ್ಲಿ ದಿನಾ ಬೆಳಿಗ್ಗೆ ಪಾಠ. ಸಾಬರು ಆ ಪುಟ್ಟ ಕಾರಿನಲ್ಲಿ ಮಂಡಿ ಎದೆಗೆ ತಾಗಿಸಿಕೊಂಡು ಕೂತು, “ಜಲ್ದಿ ಬೇಡ, ಆರಾಮ್‌ಸೇ, ಆರಾಮ್‌ಸೇ” ಅನ್ನುತ್ತಿದ್ದುದು ಅಡುಗೆಮನೆಯವರೆಗೂ ಕೇಳುತ್ತಿತ್ತು.

ಲೈಸೆನ್ಸಿಗೆ ಚಿತ್ರದುರ್ಗಕ್ಕೆ ಹೋದಾಗ ನಾನೂ ಇದ್ದೆ. ಅಲ್ಲಿನ ಅಧಿಕಾರಿ ಗಂಗಕ್ಕ ನಡೆದು ಬರುವುದನ್ನು ನೋಡಿ, “ಅಮ್ಮಾ, ಕಾಲು ಹಿಂಗಿದೆಯಲ್ಲ, ಹೇಗೆ ಕೊಡೋದು?” ಅಂದರು. ಗಂಗಕ್ಕ ಜಗಳವಾಡಲಿಲ್ಲ. “ಈ ಗಾಡೀಗೆ ಎಡಗಾಲು ಬೇಕಿಲ್ಲ ಸಾರ್. ಬನ್ನಿ, ಕೂತು ನೋಡ್ರಿ. ಕೂತ್ರೆ ಏನು ಹೋಗ್ತೈತೆ?” ಅಂದರು. ಅವರು ಕೂತರು. ಅರ್ಧ ಗಂಟೆಯಾದರೂ ಇಬ್ಬರೂ ಬರಲಿಲ್ಲ. ಬಂದಾಗ ಅಧಿಕಾರಿ ಇಳಿದು, ಬಗ್ಗಿ ಆ ಪೆಡಲುಗಳನ್ನು ಇನ್ನೊಮ್ಮೆ ನೋಡಿ, “ನಮ್ಮ ಮಾವನ ಮಗಳೊಬ್ಬಳಿದ್ದಾಳೆ. ಇದು ಎಲ್ಲಿ ಸಿಗುತ್ತೆ ಹೇಳಿ” ಎಂದು ಕೇಳಿದರು. ಡಾಕ್ಟರ ಚೀಟಿ ಮತ್ತೊಂದು ಎಂದು ಇನ್ನೆರಡು ಸಲ ತಿರುಗಿ ಲೈಸೆನ್ಸು ಬಂತು.

ಮೊಳಕಾಲ್ಮೂರಿಗೆ ಮೊದಲ ಸಲ ಹೊರಟಾಗ ಪಕ್ಕದಲ್ಲಿ ನಾನು ಕೂತಿದ್ದೆ. ಹೆದ್ದಾರಿಯಲ್ಲಿ ಲಾರಿಗಳು ಭರ್ರೆಂದು ಪಕ್ಕದಲ್ಲಿ ಹಾದುಹೋದಾಗ ನಮ್ಮ ಕಾರು ಗಾಳಿಗೆ ನಡುಗುತ್ತಿತ್ತು. ಕುರಿಮಂದೆ ಅಡ್ಡ ಬಂದಾಗ ನಮ್ಮ ಕಾರಿಗೆ ಇಂಜಿನ್ನಿನ ಸದ್ದಿಲ್ಲವಾದ್ದರಿಂದ ಕುರಿಗಳು ಜರುಗಲೇ ಇಲ್ಲ. ಕುರಿಗಾಹಿ ಬಗ್ಗಿ ನೋಡಿ, “ನೂಕಬೇಕಾ ಅಕ್ಕಾ?” ಎಂದು ಕೇಳಿದ. ತಳಕು ದಾಟಿದ ಮೇಲೆ ಗಂಗಕ್ಕ ಕನ್ನಡಿ ನೋಡಿ, “ಹಿಂದೆ ಒಂದು ಕಾರು ಬರ್ತಾ ಐತೆ ನೋಡು, ಮುಂದಕ್ಕೂ ಹೋಗವಲ್ಲದು, ಹಿಂದಕ್ಕೂ ಉಳಿಯವಲ್ಲದು” ಅಂದರು. ತಿರುಗಿ ನೋಡಿದರೆ ನಮ್ಮವರು. ಆಮೇಲೆ ಕೇಳಿದರೆ ರಾಂಪುರದಲ್ಲಿ ಏನೋ ಕೆಲಸವಿತ್ತು ಅಂದರು. ಗಂಗಕ್ಕ ಅದನ್ನು ನಂಬಿದವರಂತೆ ತಲೆಯಾಡಿಸಿದರು. ತಮ್ಮನನ್ನು ಯಾವತ್ತೂ ಛೇಡಿಸಲಿಲ್ಲ.

ಮೊಳಕಾಲ್ಮೂರಿನಲ್ಲಿ ಅವರ ಬಿಡಾರ ಲಕ್ಷ್ಮಮ್ಮನ ಮನೆ. ಗಂಡ, ಹೆಂಡತಿ, ಇಬ್ಬರು ಗಂಡುಮಕ್ಕಳು ಎಲ್ಲರೂ ಮಗ್ಗದವರು. ಮನೆಯಲ್ಲಿ ತೆಲುಗು, ಗಿರಾಕಿಗಳೊಡನೆ ಕನ್ನಡ. ಗಂಗಕ್ಕ ಎರಡನ್ನೂ ಬೆರೆಸಿ ಆಡುತ್ತಿದ್ದರು. ಗ್ರೈಂಡರಿಗೆ ಹಾಕುವಂಥ ದೊಡ್ಡ ಪ್ಲಗ್ಗೊಂದನ್ನು ಅವರ ಮನೆಯ ಜಗುಲಿಗೆ ಹಾಕಿಸಿ, ಪ್ರತಿ ತಿಂಗಳ ಬಿಲ್ಲಿನಲ್ಲಿ ತಮ್ಮ ಪಾಲು ಕೊಡುತ್ತಿದ್ದರು. ಕಾರು ಚಾರ್ಜಾಗಲು ಹೆಚ್ಚುಕಡಿಮೆ ಇಡೀ ದಿನ ಬೇಕು. ಕರೆಂಟು ಹೋಗಿ ಬಂದು ಮಾಡಿದರೆ ಇನ್ನೂ ಹೆಚ್ಚು. “ಕಾರುಕಿ ಅನ್ನಂ ಪೆಟ್ಟಿನಾರಾ ಅಕ್ಕಾ?” ಎಂದು ಲಕ್ಷ್ಮಮ್ಮ ನಗುತ್ತಿದ್ದಳು, ಕಾರಿಗೆ ಊಟ ಹಾಕಿದಿರಾ ಎಂದು.

ನಮ್ಮವರು ಕೊರತೆ ಎಂದು ಎಣಿಸಿದ್ದು ಇದನ್ನೇ. ಆದರೆ ಗಂಗಕ್ಕನಿಗೆ ಮೊಳಕಾಲ್ಮೂರಿನಲ್ಲಿ ಒಂದು ಇಡೀ ದಿನ ಸಿಕ್ಕಿದ್ದು ಇದರಿಂದಲೇ. ಮೊದಲು ನೇಯ್ದಿಟ್ಟದ್ದನ್ನು ಆರಿಸಿಕೊಂಡು ಓಡಿಬರುತ್ತಿದ್ದವರು ಈಗ ಮಗ್ಗದ ಪಕ್ಕ ಮಣೆ ಹಾಕಿಕೊಂಡು ಕೂತರು. ಈ ಒಡಲಿಗೆ ಆ ಅಂಚು ಬೇಡ, ಈ ಹಸಿರು ಇನ್ನಷ್ಟು ಕಪ್ಪಾಗಲಿ, ನಿಮ್ಮತ್ತೆ ಕಾಲದಲ್ಲಿ ಒಂದು ಸೆರಗಿತ್ತಲ್ಲ ಅದನ್ನು ಮತ್ತೆ ಯಾಕೆ ನೇಯಬಾರದು ಎಂದು ಮಾತಾಡುತ್ತ ಕೂತರು. ಮನೆಮನೆಯ ಪೆಟ್ಟಿಗೆ ತೆಗೆಸಿ ಹಳೆಯ ಸೀರೆ ನೋಡಿದರು. ಎರಡು ವರ್ಷದೊಳಗೆ ಬೆಂಗಳೂರಿನಿಂದ ಹೆಂಗಸರು ನಮ್ಮ ಮನೆ ಹುಡುಕಿಕೊಂಡು ಬರತೊಡಗಿದರು.

ಒಂದು ಸಲ ಬೆಳಿಗ್ಗೆ ಹೋದ ಕರೆಂಟು ಸಂಜೆಯಾದರೂ ಬರಲಿಲ್ಲ. ಲಕ್ಷ್ಮಮ್ಮನ ಮನೆಯಿಂದ ಫೋನು ಬಂದದ್ದೇ ನಮ್ಮವರು ಕಾರು ತೆಗೆದುಕೊಂಡು ಓಡಿದರು. ಒಬ್ಬರೇ ವಾಪಸ್ಸು ಬಂದರು. ಊಟಕ್ಕೆ ಕೂತು, “ಬರಲ್ಲ ಅಂದ್ಲು” ಅಂದರು. “ಕಾರು ನಾನೇ ತಂದಿದ್ದು, ನಾನೇ ತಗೊಂಡು ಬರ್ತೀನಿ, ನೀನು ಹೋಗು ಅಂದ್ಲು.” ತಟ್ಟೆ ಪಕ್ಕಕ್ಕೆ ಸರಿಸಿ, “ಆ ಮನೇಲಿ ಅವಳಿಗೊಂದು ಜಾಗ ಐತೆ ಶಕ್ಕೂ. ಕೂತ ತಕ್ಷಣ ಬೆನ್ನಿಗೆ ದಿಂಬು ಕೊಟ್ರು, ಯಾರೂ ಹೇಳ್ಲಿಲ್ಲ. ನಮ್ಮನೇಲಿ ನಾವು ಕೊಡ್ತೀವಾ?” ಎಂದು ಕೇಳಿದರು. ನನಗೆ ನೆನಪಾಗಲಿಲ್ಲ.

ನಾಲ್ಕನೇ ವರ್ಷಕ್ಕೆ ಬ್ಯಾಟರಿ ಸೋತಿತು. ಹುಡುಗ ಹೇಳಿದ್ದಂತೆಯೇ ಆಯಿತು. ಬೆಳಿಗ್ಗೆ ತುಂಬಿಸಿಕೊಂಡು ಹೊರಟರೂ ಮೊಳಕಾಲ್ಮೂರಿಗೆ ಮುಂಚಿನ ಹಾನಗಲ್ಲಿನ ಹೊತ್ತಿಗೇ ಚಾರ್ಜಿನ ಮುಳ್ಳು ಕೆಳಗೆ ಬರುತ್ತಿತ್ತು. ಹೊಸ ಬ್ಯಾಟರಿ ಹಾಕಿಸಬಹುದಿತ್ತು, ಆದರೆ ಅದು ದುಬಾರಿಯೆಂದು ಗಂಗಕ್ಕ ಮನಸ್ಸು ಮಾಡಲಿಲ್ಲ. ನಮ್ಮವರು ತಮ್ಮ ಪೆಟ್ರೋಲ್ ಕಾರನ್ನು ಅಕ್ಕನಿಗೆ ಬಿಟ್ಟುಕೊಟ್ಟು, ಒಬ್ಬ ಡ್ರೈವರನ್ನೂ ಗೊತ್ತು ಮಾಡಿ ಬಂದರು. ಅವರ ಮನಸ್ಸಿನಲ್ಲಿ ಯಾವ ಕೊಂಕೂ ಇರಲಿಲ್ಲ. ಅಕ್ಕ ಮತ್ತೆ ತಮ್ಮ ಕೈಗೆ ಬಂದಳೆಂಬ ಸಮಾಧಾನವಿತ್ತು, ಅಷ್ಟೆ.

ಗಂಗಕ್ಕ ಎರಡು ದಿನ ಯೋಚನೆ ಮಾಡಿದರು. ಆಮೇಲೆ ಒಂದು ಬೆಳಿಗ್ಗೆ, ನಾವು ಮಂಡಕ್ಕಿ ಒಗ್ಗರಣೆ ತಿನ್ನುತ್ತಿರುವಾಗ, “ಲಕ್ಷ್ಮಮ್ಮನ ಬೀದಿಯಾಗೆ ಒಂದು ಮನೆ ಖಾಲಿ ಐತೆ. ಬಾಡಿಗೆಗೆ ತಗಂಡಿದೀನಿ. ಅಲ್ಲೇ ಇರ್ತೀನಿ” ಅಂದರು. “ಕಾರು ಇಲ್ಲಿಂದ ಅಲ್ಲಿಗೆ ಹೋಗಲ್ಲ. ಅಲ್ಲಲ್ಲೇ ಓಡಾಡಾಕೆ ಬೇಕಾದಷ್ಟು ಓಡ್ತೈತೆ.”

ಐವತ್ತು ದಾಟಿದ ಹೆಂಗಸು, ಮದುವೆಯಿಲ್ಲ, ಕಾಲು ಹೀಗೆ, ಹುಟ್ಟಿದ ಮನೆ ಬಿಟ್ಟು ಒಬ್ಬಳೇ ಇನ್ನೊಂದು ಊರಿನಲ್ಲಿ. ನೆಂಟರೆಲ್ಲ ನನ್ನ ಮೇಲೇ ಅನುಮಾನ ಪಟ್ಟರು, ನಾನೇನೋ ಅಂದಿರಬೇಕೆಂದು. ಗಂಗಕ್ಕ ಅಂಥ ಒಬ್ಬೊಬ್ಬರ ಮನೆಗೂ ಹೋಗಿ, “ನಮ್ಮ ಶಕ್ಕು ಬಂಗಾರದಂಥವಳು. ನನಗೇ ಹೋಗ್ಬೇಕು ಅನ್ನಿಸೈತೆ” ಎಂದು ಹೇಳಿ ಬಂದರು. ನಮ್ಮವರು ತಿಂಗಳುಗಟ್ಟಲೆ ಅಕ್ಕನ ಜೊತೆ ಸರಿಯಾಗಿ ಮಾತಾಡಲಿಲ್ಲ. ಹಾಗೆಂದು ಸುಮ್ಮನೂ ಇರಲಿಲ್ಲ. ಆ ಬಾಡಿಗೆ ಮನೆಯ ಮೆಟ್ಟಿಲು ಒಡೆಸಿ ಇಳಿಜಾರು ಮಾಡಿಸಿದರು, ಬಚ್ಚಲಿಗೆ ಹಿಡಿದುಕೊಳ್ಳಲು ಕಬ್ಬಿಣದ ಸರಳು ಹಾಕಿಸಿದರು, ಇನ್ವರ್ಟರ್ ತಂದಿಟ್ಟರು. ಎಲ್ಲವನ್ನೂ ಮುಖ ಗಂಟಿಕ್ಕಿಕೊಂಡೇ ಮಾಡಿದರು.

ಅಲ್ಲಿ ಅವರು ಮೂರು ವರ್ಷ ಇದ್ದರು. ಕೊನೆಯ ಸಲ ನಾನು ಹೋದದ್ದು ನನ್ನ ತಂಗಿಯ ಮಗಳ ಮದುವೆಯ ಸೀರೆಗೆ. ಗಂಗಕ್ಕ ಮಗ್ಗದ ಮೇಲಿದ್ದ ಸೀರೆ ತೋರಿಸಿದರು, ತಾವೇ ಚಿತ್ರಾನ್ನ ಕಲಸಿ ಬಡಿಸಿದರು. ಸ್ವಲ್ಪ ಬಿಳಿಚಿದ್ದರು. ಕೇಳಿದರೆ, “ಬಿಸಿಲು” ಅಂದರು. ನಮ್ಮವರ ಬಿ.ಪಿ. ಮಾತ್ರೆ, ಮಿಲ್ಲಿನ ಹೊಸ ಬಾಯ್ಲರು, ಖಾದರ್ ಸಾಬರ ಮಗಳ ಬಾಣಂತನ, ಎಲ್ಲ ವಿಚಾರಿಸಿದರು. ಮಧ್ಯಾಹ್ನ ನಾನು ಹೊರಟಾಗ ಆಟೋ ಕರೆಯಲು ಬಿಡದೆ ಕಾರಿನಲ್ಲೇ ಬಸ್‌ಸ್ಟ್ಯಾಂಡಿಗೆ ಬಿಟ್ಟರು. ದಾರಿಯುದ್ದಕ್ಕೂ ಜನ ಅವರನ್ನು ಮಾತಾಡಿಸುತ್ತಿದ್ದರು. ಒಬ್ಬ ಮುದುಕಿ ಕೈ ಅಡ್ಡ ಹಿಡಿದು ನಿಲ್ಲಿಸಿ, ತೆಲುಗಿನಲ್ಲಿ ಏನೋ ಹೇಳಿ ಒಂದು ಹಿಡಿ ಹುಣಸೆ ಚಿಗುರು ಕೊಟ್ಟಳು.

ನಾನು ಇಳಿದು ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತೆ. ಅಷ್ಟರಲ್ಲಿ ಕಾಲೇಜಿನ ಹುಡುಗಿಯರಿಬ್ಬರು ಕಾರಿನ ಹತ್ತಿರ ಬಂದರು. ಒಬ್ಬಳು ಊರುಗೋಲಿನವಳು. ಗಂಗಕ್ಕ ಒಳಗಿನಿಂದಲೇ ಬಾಗಿಲು ತೆರೆದು, “ಕೂತ್ಕೋ ಬಾರೇ, ಕೋಲು ಹಿಂದಕ್ಕೆ ಹಾಕು” ಅಂದದ್ದು ನನಗೆ ಕೇಳಿಸಿತು. ನಾನು ಕಿಟಕಿಯಿಂದ ಕೈಬೀಸಿದೆ. ಅದೇ ಕೊನೆಯೆಂದು ನನಗೆ ಗೊತ್ತಿರಲಿಲ್ಲ. ಎರಡು ತಿಂಗಳ ಮೇಲೆ ಒಂದು ಬೆಳಿಗ್ಗೆ, ಮಗ್ಗದ ಪಕ್ಕ ಕೂತಲ್ಲೇ, ಎದೆನೋವು ಬಂದು ಹೋಗಿಬಿಟ್ಟರು.

ಅವತ್ತು ನಾನು ಕೈಬೀಸಿದಾಗ ಗಂಗಕ್ಕ ನನ್ನ ಕಡೆ ನೋಡಲಿಲ್ಲ. ಬಸ್‌ಸ್ಟ್ಯಾಂಡಿನ ಬಾಯಲ್ಲಿ ಟ್ರ್ಯಾಕ್ಟರೊಂದು ಅಡ್ಡ ನಿಂತಿತ್ತು. ಅವರು ಎರಡೂ ಕೈಯಲ್ಲಿ ಸ್ಟೇರಿಂಗ್ ಹಿಡಿದು, ಕತ್ತು ಉದ್ದ ಮಾಡಿ ರಸ್ತೆ ನೋಡುತ್ತಿದ್ದರು. ಟ್ರ್ಯಾಕ್ಟರು ಸರಿಯಿತು. ಕಾರು ಸದ್ದಿಲ್ಲದೆ ಎಡಕ್ಕೆ ತಿರುಗಿ, ಆ ಹುಡುಗಿಯರ ಜೊತೆ ಊರೊಳಗೆ ಹೋಯಿತು.